ಅರಿಶಿನ ಹಾಕದ ತಿಲ್ಲಿ

ನಿವೃತ್ತಿಯಾದ ಮೇಲೆ ಶಿವಮೊಗ್ಗ ವಿನೋಬನಗರದ ನಮ್ಮ ಬೀದಿಯವರು, "ಮೇಡಂ, ಲ್ಯಾಬಲ್ಲಿ ನಿಮಗೆ ಏನು ಕೆಲಸ ಇತ್ತು?" ಎಂದು ಕೇಳುತ್ತಾರೆ. "ಕುರಿ ತಿಲ್ಲಿ ಬೇಯಿಸ್ತಿದ್ದೆ" ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ತಮಾಷೆಯಲ್ಲ. ಡಾಕ್ಟರುಗಳು ಸ್ಪ್ಲೀನ್ ಎನ್ನುವ, ಪಠ್ಯಪುಸ್ತಕ ಗುಲ್ಮ ಎನ್ನುವ ಅಂಗವನ್ನು ಭದ್ರಾವತಿ ಓಲ್ಡ್ ಟೌನಿನ ಮಟನ್ ಅಂಗಡಿಗಳಲ್ಲಿ ತಿಲ್ಲಿ ಎನ್ನುತ್ತಾರೆ. ಕಡುನೇರಳೆ ಬಣ್ಣ, ಅಂಗೈಯಗಲ. ನನ್ನ ನೌಕರಿಯ ಬಹುಭಾಗ ಅದರ ಜೊತೆಯಲ್ಲೇ ಕಳೆಯಿತು. ನನ್ನಣ್ಣನ ಮನೆಯ ಸಂಕಟವೂ ಅದರಲ್ಲೇ ಸುತ್ತಿಕೊಂಡಿತು. ಹಾಗಾಗಿ ಒಂದನ್ನು ಹೇಳಿ ಇನ್ನೊಂದನ್ನು ಬಿಡಲು ನನಗೆ ಬರುವುದಿಲ್ಲ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಪ್ರೋಟೀನು ಐಸ್ ಪೆಟ್ಟಿಗೆಯಲ್ಲಿ, ಪುಟ್ಟ ಟ್ಯೂಬಿನಲ್ಲಿ, ಕೊರಿಯರ್‌ನವನ ಕೈಯಲ್ಲಿ ಬರುತ್ತದೆ. ಅದು ಒಂದು ಕಾಲಕ್ಕೆ ಯಾವುದೋ ಪ್ರಾಣಿಯ ಮೈಯಲ್ಲಿತ್ತು ಎಂಬುದು ಅವರಿಗೆ ನೆನಪಾಗುವುದಿಲ್ಲ. ತಪ್ಪೇನಲ್ಲ. ಆದರೆ ಬಡಿವಾರ ಬೇಡ. ನಮ್ಮ ಕೆಲಸ ಶುರುವಾಗಿದ್ದು ಕಸಾಯಿಯ ಅಂಗಡಿಯಿಂದ.

ಕೆಲಸ ಇಷ್ಟು. ಮೊಬೈಲು, ಟಿವಿ, ಸೋಲಾರ್ ಹಲಗೆಗಳ ಒಳಗೆ ಅರೆವಾಹಕ ಎಂಬ ಜಾತಿಯ ವಸ್ತುಗಳಿರುತ್ತವೆ. ಅಂಥದ್ದೊಂದನ್ನು ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಸಿಗದಷ್ಟು ಸಣ್ಣ ಕಣಗಳನ್ನಾಗಿ ಮಾಡಿದರೆ, ಕಣದ ಗಾತ್ರ ಬದಲಾದಂತೆ ಅದು ಹೊಮ್ಮಿಸುವ ಬೆಳಕಿನ ಬಣ್ಣವೂ ಬದಲಾಗುತ್ತದೆ. ಒಂದೇ ಬಣ್ಣ ಬೇಕೆಂದರೆ ಎಲ್ಲ ಕಣಗಳೂ ಒಂದೇ ಅಳತೆಯಲ್ಲಿರಬೇಕು. ಕ್ಯಾಡ್ಮಿಯಂ ಮತ್ತು ಗಂಧಕದ ಲವಣಗಳನ್ನು ನೀರಲ್ಲಿ ಸುಮ್ಮನೆ ಕಲಸಿದರೆ ಹಳದಿ ಗಸಿ ತಳಕ್ಕೆ ಕೂರುತ್ತದೆ, ಅಷ್ಟೇ. ಅದಕ್ಕೊಂದು ಅಚ್ಚು ಬೇಕು. ಆ ಅಚ್ಚೇ ಫೆರಿಟಿನ್ ಎಂಬ ಪ್ರೋಟೀನು. ದೇಹ ತನ್ನ ಕಬ್ಬಿಣವನ್ನು ಕೂಡಿಡುವ ಪೊಳ್ಳು ಗೋಲಿ ಅದು. ತಿಲ್ಲಿಯಲ್ಲಿ ಹೇರಳ. ಅದರೊಳಗಿನ ಕಬ್ಬಿಣವನ್ನು ಕರಗಿಸಿ ತೆಗೆದು, ಖಾಲಿ ಜಾಗದಲ್ಲಿ ಕ್ಯಾಡ್ಮಿಯಂ ಸಲ್ಫೈಡನ್ನು ಬೆಳೆಸಿದರೆ ಕಣ ಆ ಗೋಲಿಯ ಗೋಡೆ ದಾಟಿ ದಪ್ಪವಾಗಲಾರದು. ಪಡ್ಡಿನ ಕಾವಲಿಯ ಗುಳಿಯಲ್ಲಿ ಹಿಟ್ಟು ಹೊಯ್ದ ಹಾಗೆ. ನಾನು ಆ ಕಾವಲಿಯನ್ನು ತಯಾರು ಮಾಡಿ ಕೊಡುವ ತಾಂತ್ರಿಕ ಸಿಬ್ಬಂದಿ. ಹಿಟ್ಟು ಹೊಯ್ಯುವವರು ಸಂಶೋಧಕರು.

ನಮ್ಮ ಮುಖ್ಯಸ್ಥರು ಡಾಕ್ಟರ್ ನರಹರಿ. ಒಳ್ಳೆಯ ತಲೆ, ಅವಸರದ ಬಾಯಿ. ಹೊರದೇಶದಿಂದ ತರಿಸುವ ಫೆರಿಟಿನ್ ಚಿನ್ನದ ತೂಕದ ಮಾಲು, ನಮ್ಮ ಸಂಶೋಧನಾ ಕೇಂದ್ರಕ್ಕೆ ಅದು ಆಗುವ ಹೋಗುವ ಮಾತಾಗಿರಲಿಲ್ಲ. ಒಂದು ದಿನ ಅವರು ನನ್ನ ಮೇಜಿನ ಹತ್ತಿರ ಬಂದು, "ಶಮೀಮ್, ನಿಮ್ಮಣ್ಣಂದು ಭದ್ರಾವತೀಲಿ ಮಟನ್ ಅಂಗಡಿ ಇದೆ ಅಂದಿದ್ರಿ ಅಲ್ವಾ?" ಎಂದರು. ಅದುವರೆಗೆ ಅಣ್ಣನ ಅಂಗಡಿಯ ವಿಷಯ ಲ್ಯಾಬಿನಲ್ಲಿ ಎತ್ತಿದರೆ ಮುಖ ತಿರುಗಿಸುವವರೇ ಹೆಚ್ಚಿದ್ದರು. ಆ ದಿನದಿಂದ ಅದು ಸಂಸ್ಥೆಯ ಆಸ್ತಿಯಾಯಿತು.

ಅಣ್ಣನ ಹೆಸರು ಇಬ್ರಾಹಿಂ. ನಾನು ಭಾಯಿ ಎನ್ನುತ್ತೇನೆ. ನಾನು ಕೇಳಿದ ಮಾತಿಗೆ ಅವನು ಎರಡನೆಯ ಪ್ರಶ್ನೆ ಹಾಕಿದವನಲ್ಲ. ಬೆಳಿಗ್ಗೆ ಕುರಿ ಕೊಯ್ದೊಡನೆ ತಿಲ್ಲಿ ತೆಗೆದಿಟ್ಟು, ಸ್ಟೀಲ್ ಕ್ಯಾರಿಯರಿನಲ್ಲಿ ತುಂಬಿ, ಶಿವಮೊಗ್ಗದ ಬಸ್ಸು ಹತ್ತಿ ತಾನೇ ತಂದುಕೊಡುತ್ತಿದ್ದ. ಪಕ್ಕದಲ್ಲಿ ಕೂತವರು ಕ್ಯಾರಿಯರ್ ನೋಡಿ, "ಆಸ್ಪತ್ರೆಗೆ ಊಟನಾ ಸಾಬ್ರೇ?" ಎಂದರೆ, "ಹೂಂ, ಆಸ್ಪತ್ರೆಗೇ" ಎನ್ನುತ್ತಿದ್ದನಂತೆ. ಅದು ಅರ್ಧ ನಿಜ. ಲ್ಯಾಬಿಗೆ ಬಂದ ಹಲವು ದಿನ ಅವನು ಇಲ್ಲಿಂದ ಆಸ್ಪತ್ರೆಗೂ ಹೋಗಬೇಕಿತ್ತು. ಅಲ್ಲಿ ಅವನ ಮಗಳು ನಗ್ಮಾಳಿಗೆ ರಕ್ತ ಏರಿಸುತ್ತಿದ್ದರು.

ನಗ್ಮಾಳಿಗೆ ಥಲಸ್ಸೀಮಿಯಾ. ಅವಳ ಮೈ ಸರಿಯಾದ ರಕ್ತ ಮಾಡಿಕೊಳ್ಳುತ್ತಿರಲಿಲ್ಲ. ಬೇರೆಯವರ ರಕ್ತ ಏರಿಸಿದಂತೆಲ್ಲ ಅದರ ಕಬ್ಬಿಣ ಒಳಗೇ ಉಳಿದು, ಯಕೃತ್ತಿನಲ್ಲಿ, ಹೃದಯದಲ್ಲಿ, ತಿಲ್ಲಿಯಲ್ಲಿ ಸೇರಿಕೊಳ್ಳುತ್ತಿತ್ತು. ಅದನ್ನು ಹೊರಹಾಕಲು ಮಾತ್ರೆ ಇತ್ತು. ಮಾತ್ರೆ ಸೋಲುತ್ತಿತ್ತು. ಪ್ರತಿ ಸಲದ ರಕ್ತಪರೀಕ್ಷೆಯಲ್ಲಿ ಡಾಕ್ಟರು ಮೊದಲು ನೋಡುತ್ತಿದ್ದ ಸಾಲು ಫೆರಿಟಿನ್. ನಾನು ಲ್ಯಾಬಿನಲ್ಲಿ ಎಷ್ಟು ಸಿಕ್ಕಿತು ಎಂದು ಹಿಗ್ಗುತ್ತಿದ್ದ ಅದೇ ಫೆರಿಟಿನ್, ಅಲ್ಲಿ ಎಷ್ಟು ಏರಿತು ಎಂದು ಎದೆ ಹೊಡೆದುಕೊಳ್ಳಬೇಕಾದ ಫೆರಿಟಿನ್. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸದ್ದು ಅಡಗುತ್ತ ಬಂದ ಕಾಲ ಅದು. ಭಾಯಿ ಒಮ್ಮೆ ಹೇಳಿದ, "ಊರಲ್ಲಿ ಕಬ್ಬಿಣಕ್ಕೆ ಕೆಲಸ ಇಲ್ಲ ಶಮ್ಮಿ, ನನ್ನ ಮಗಳ ಮೈಲಿ ನೋಡಿದ್ರೆ ಜಾಸ್ತಿ ಆಗೋಯ್ತು."

ಅವನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು. ತಂಗಿ ತಿಲ್ಲಿಯಿಂದ ಕಬ್ಬಿಣ ತೆಗೆಯುತ್ತಾಳೆ. ಮಗಳ ತಿಲ್ಲಿಯಲ್ಲಿ ಕಬ್ಬಿಣ ತುಂಬಿದೆ. ನಾನು ಮೊದಲ ವಾರದಲ್ಲೇ ಹೇಳಿದ್ದೆ, ಇದು ಔಷಧಿಯ ಕೆಲಸವಲ್ಲ, ಬೆಳಕು ಕೊಡುವ ಪುಡಿ ಮಾಡುವ ಕೆಲಸ ಎಂದು. ಅವನು ತಲೆಯಾಡಿಸಿದ. ಮುಂದಿನ ಸಲ ಇನ್ನೂ ಎಳೆಯ, ಇನ್ನೂ ತಾಜಾ ತಿಲ್ಲಿ ತಂದ.

ಹೊಸಬರಿಗೆ ವಿಧಾನ ಹೇಳಿಬಿಡುತ್ತೇನೆ, ಈಗ ಯಾರೂ ಮಾಡುವುದಿಲ್ಲ. ತಿಲ್ಲಿಯನ್ನು ಮಿಕ್ಸಿಯಲ್ಲಿ ರುಬ್ಬಿ, ನೀರು ಸೇರಿಸಿ, ಬಿಸಿ ಮಾಡುವುದು. ಕುದಿಯಬಾರದು. ಉಳಿದ ಪ್ರೋಟೀನುಗಳೆಲ್ಲ ಒಡೆದ ಹಾಲಿನ ಹಾಗೆ ಗಡ್ಡೆ ಕಟ್ಟುತ್ತವೆ. ಫೆರಿಟಿನ್ ಮಾತ್ರ ಶಾಖಕ್ಕೆ ಜಗ್ಗದೆ ನೀರಿನಲ್ಲೇ ಉಳಿಯುತ್ತದೆ, ಡಿಕಾಕ್ಷನ್ ಬಣ್ಣದಲ್ಲಿ. ಸೋಸಿ, ಶುದ್ಧಮಾಡಿ, ಡಯಾಲಿಸಿಸ್ ಚೀಲದಲ್ಲಿ ಕಟ್ಟಿ ಆಮ್ಲದ ದ್ರಾವಣದಲ್ಲಿ ಇಳಿಬಿಟ್ಟರೆ ಕಬ್ಬಿಣ ಮೆಲ್ಲಗೆ ಹೊರಬರುತ್ತದೆ. ಆ ಆಮ್ಲದ ನಾತ ಸೀರೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗದು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಚೀಲದೊಳಗಿನ ಕಂದು ತಿಳಿಯಾಗುತ್ತ ಆಗುತ್ತ ನೀರಿನ ಬಣ್ಣಕ್ಕೆ ಬಂದಾಗ ಮನಸ್ಸಿಗೆ ಸಮಾಧಾನವೆನಿಸುತ್ತಿತ್ತು. ಆ ಸಮಾಧಾನದ ಹಿಂದೆಯೇ ನಗ್ಮಾ ನೆನಪಾಗುತ್ತಿದ್ದಳು.

ಈ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು ರೇಖಾ, ಭದ್ರಾವತಿ ಕಡೆಯ ರೈತರ ಮನೆಯ ಹುಡುಗಿ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು. ಮೊದಲ ದಿನ ಕ್ಯಾರಿಯರ್ ತೆರೆದಾಗ ಮೂಗು ಮುಚ್ಚಿಕೊಂಡು ಕಾರಿಡಾರಿಗೆ ಓಡಿದಳು. ಮರುದಿನ ಕೈಗವಸು ಹಾಕಿಕೊಂಡು ಬಂದು ನನ್ನ ಪಕ್ಕ ನಿಂತಳು. "ಅಮ್ಮಂಗೆ ಹೇಳ್ಬೇಡಿ ಮೇಡಂ, ಲ್ಯಾಬಲ್ಲಿ ಹಾಲಿನ ಪ್ರೋಟೀನು ಅಂದಿದೀನಿ" ಎಂದಳು. ಆ ಹುಡುಗಿಯ ಹಟ ನನಗೆ ಅಂದೇ ಹಿಡಿಸಿತು.

ಅವಳು ಎಷ್ಟೋ ಸಲ ಕ್ಯಾಡ್ಮಿಯಂ ಹನಿಸಿ, ಎಷ್ಟೋ ಸಲ ಕೈ ಸುಟ್ಟುಕೊಂಡಳು. ಒಮ್ಮೆ ಗಸಿ, ಒಮ್ಮೆ ಬರೀ ನೀರು. ಚಳಿ ಕಳೆದು ಬೇಸಿಗೆ ಬಂತು. ಆ ಬೇಸಿಗೆಯಲ್ಲಿ ತಂದ ಒಂದು ಕಂತಿನ ಫೆರಿಟಿನ್, ಕಬ್ಬಿಣವೆಲ್ಲ ತೆಗೆದ ಮೇಲೂ ಎಳೆ ಹಳದಿಯಾಗಿಯೇ ಉಳಿಯಿತು. ಸ್ವಲ್ಪ ಕಬ್ಬಿಣ ಅಂಟಿಕೊಂಡಿರಬೇಕು ಎಂದುಕೊಂಡೆವು. ರೇಖಾ ಕ್ಯಾಡ್ಮಿಯಂ, ಗಂಧಕ ಸೇರಿಸಿ ಕತ್ತಲೆ ಕೋಣೆಯಲ್ಲಿ ಯುವಿ ದೀಪದಡಿ ಹಿಡಿದಳು. ಟ್ಯೂಬು ಹಸಿರು ಹಳದಿಯಾಗಿ ಹೊಳೆಯಿತು. ಒಂದೇ ಬಣ್ಣ, ನಯವಾದ ಬೆಳಕು. ನಾನು ಬಾಗಿಲ ಹತ್ತಿರ ನಿಂತು ಅತ್ತುಬಿಟ್ಟೆ. ನರಹರಿ ಸಾರ್ ಮಾತ್ರ ಅಳಲಿಲ್ಲ. ಅವರು ನೇರ ಫೋನಿನ ಹತ್ತಿರ ಹೋದರು.

ಮಾರನೆಯ ದಿನ ಭಾಯಿ ನಗ್ಮಾಳನ್ನು ಕರೆದುಕೊಂಡು ಬಂದ. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು, ಹುಡುಗಿಯ ಕೈ ಮೇಲೆ ಸೂಜಿ ಚುಚ್ಚಿದ ಕಡೆ ಹತ್ತಿ ಅಂಟಿಸಿತ್ತು. ಹೈಸ್ಕೂಲಿನ ಹುಡುಗಿ, ನೋಡಲು ಮೂರನೆಯ ಕ್ಲಾಸಿನವಳಷ್ಟು. ಕತ್ತಲೆ ಕೋಣೆಯಲ್ಲಿ ಅವಳು ಟ್ಯೂಬಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು. ಸೋದರತ್ತೆಯಾದ ನನ್ನನ್ನು ಅವಳು ಫುಪ್ಪು ಎನ್ನುತ್ತಿದ್ದಳು.

"ಫುಪ್ಪು, ಇದು ಕುರಿ ತಿಲ್ಲೀದಾ?"

"ಹೌದು ಬೇಟಾ. ಅದರೊಳಗಿನ ಒಂದು ಪ್ರೋಟೀನು."

"ಕಬ್ಬಿಣ ಪೂರ್ತಿ ತೆಗೆದ್ರಾ?"

"ತೆಗೆದ್ವಿ."

"ನನ್ನದೂ ತೆಗೆದ್ರೆ ಹೀಗೇ ಹೊಳಿಯುತ್ತಾ?"

ಭಾಯಿ ಕತ್ತಲೆಯಲ್ಲಿ ಮೆಲ್ಲಗೆ, "ಹೊಳಿಯುತ್ತೆ, ಇನ್ಶಾ ಅಲ್ಲಾಹ್" ಎಂದ. ಹೊರಗೆ ಬಂದಾಗ ಅವನ ಮುಖದಲ್ಲಿ ಕಳೆ ಇತ್ತು. ಅಂಥ ಮುಖವನ್ನು ನಾನು ಅವನ ಮದುವೆಯ ದಿನವೂ ಕಂಡಿರಲಿಲ್ಲ. ನನಗೆ ಹೆದರಿಕೆಯಾಯಿತು.

ಆ ವಾರವೇ ರೇಖಾ ನನ್ನನ್ನು ಕತ್ತಲೆ ಕೋಣೆಗೆ ಕರೆದು ಬಾಗಿಲು ಹಾಕಿದಳು. ಸಾರ್ ಅಷ್ಟರಲ್ಲಿ ಪತ್ರಿಕೆಯವರಿಗೆಲ್ಲ ಹೇಳಿ ಮುಗಿಸಿದ್ದರು. ಅವಳ ಕೈಯಲ್ಲಿ ಎರಡು ಟ್ಯೂಬುಗಳಿದ್ದವು. ಎರಡೂ ಹೊಳೆಯುತ್ತಿದ್ದವು.

"ಮೇಡಂ, ಇದಕ್ಕೆ ನಾನು ಕ್ಯಾಡ್ಮಿಯಂ ಹಾಕೇ ಇಲ್ಲ."

"ಟ್ಯೂಬು ಅದಲುಬದಲು ಆಗಿರ್ಬೇಕು ಮಾರಾಯ್ತಿ."

"ಇಲ್ಲ ಮೇಡಂ. ಬೆಳಗ್ಗೆಯಿಂದ ಮತ್ತೆ ಮತ್ತೆ ಮಾಡಿದೀನಿ. ಖಾಲಿ ಪ್ರೋಟೀನೇ ಹೊಳೀತಿದೆ."

ಲೈಟು ಹಾಕಿದೆ. ಡಯಾಲಿಸಿಸ್ ಚೀಲ ಕಟ್ಟಿದ್ದ ಬಿಳಿ ದಾರ ಮೇಜಿನ ಮೇಲೆ ಬಿದ್ದಿತ್ತು. ಅದರ ತುದಿ ಹಳದಿ. ಮದುವೆ ಮನೆಯಲ್ಲಿ ಕಂಕಣ ಕಟ್ಟುವ ದಾರದ ಹಳದಿ. ರೇಖಾಳೂ ಅದನ್ನೇ ನೋಡುತ್ತಿದ್ದಳು. ಕ್ಷಾರದ ಬಾಟಲಿ ತೆಗೆದು ದಾರದ ಮೇಲೆ ಒಂದು ಹನಿ ಬಿಟ್ಟಳು. ದಾರ ಕೆಂಪಾಯಿತು. ಅರಿಶಿನದ ನೀರಿಗೆ ಸುಣ್ಣ ಕದಡಿದಾಗ ಆಗುವ ಕೆಂಪು, ಈ ನಾಡಿನ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಿಲ್ಲದ ಕೆಂಪು.

"ಆರತಿ ನೀರು ಮೇಡಂ ಇದು" ಎಂದು ಅವಳು ಸ್ಟೂಲಿನ ಮೇಲೆ ಕುಸಿದಳು.

ಆ ಕೋಣೆಯಲ್ಲಿ ನಮಗೆ ಅರ್ಥವಾದ ಸಂಗತಿಯನ್ನು ನೀವು ಯಾವ ಪಠ್ಯದಲ್ಲೂ ಓದಲಾರಿರಿ. ಅರಿಶಿನಕ್ಕೆ ಯುವಿ ಬೆಳಕಿನಲ್ಲಿ ಹಸಿರು ಹಳದಿಯಾಗಿ ಹೊಳೆಯುವ ಗುಣವಿದೆ. ಅದು ನೀರಲ್ಲಿ ಕರಗದೆ ಪ್ರೋಟೀನನ್ನು ಅಪ್ಪಿ ಹಿಡಿಯುತ್ತದೆ, ಚೀಲದಲ್ಲಿ ಎಷ್ಟು ತೊಳೆದರೂ ಬಿಡುವುದಿಲ್ಲ. ಇದು ರಸಾಯನಶಾಸ್ತ್ರ. ಆದರೆ ತಿಲ್ಲಿಗೆ ಅರಿಶಿನ ಸವರಿದೆ ಎಂಬುದು ಇಬ್ಬರ ಮೂಗಿಗೂ ಹೇಗೆ ಹತ್ತಲಿಲ್ಲ? ರೇಖಾಳಿಗೆ ಹಸಿ ಮಾಂಸದ ವಾಸನೆ ಹೇಗಿರಬೇಕು ಎಂಬುದೇ ಗೊತ್ತಿರಲಿಲ್ಲ. ನನಗೋ, ಹುಟ್ಟಿದಾಗಿನಿಂದ ಮಾಂಸ ಎಂದರೆ ಅರಿಶಿನದ ವಾಸನೆಯೇ. ಅದು ಇದ್ದರೆ ಸರಿ ಅನಿಸುತ್ತಿತ್ತು, ಇಲ್ಲದಿದ್ದರೆ ಏನೋ ಕೊರತೆ. ಮೇಲಿನ ಹಳದಿಯನ್ನು ಆ ಕಡುನೇರಳೆ ಬಣ್ಣ ನುಂಗಿಹಾಕಿತ್ತು. ಬೇರೆ ಊರಿನ ಬೇರೆ ಲ್ಯಾಬಿನಲ್ಲಿ ಈ ತಪ್ಪು ಆಗುತ್ತಲೇ ಇರಲಿಲ್ಲ.

ಸಾರ್ ಕೇಳಿಸಿಕೊಂಡು ಆ ದಾರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಅರಿಶಿನ ಹೊಳೆಯುತ್ತೆ ಅಂತ ಬರೆಯೋಕೆ ನಂಗೆ ಡಾಕ್ಟರೇಟ್ ಬೇಕಿರ್ಲಿಲ್ಲ" ಎಂದರು. ಆಮೇಲೆ ಒಬ್ಬೊಬ್ಬರಿಗೇ ಫೋನು ಮಾಡಿ ತಮ್ಮ ಮಾತನ್ನು ಹಿಂದೆ ತೆಗೆದುಕೊಂಡರು. ಅದನ್ನು ನಾನು ಈಗಲೂ ಅವರ ದೊಡ್ಡತನ ಎನ್ನುತ್ತೇನೆ. ತಪ್ಪನ್ನು ಮುಚ್ಚಿ ಪ್ರಬಂಧ ಮಾಡಿದ ಬೇರೆಯವರನ್ನು ಕಂಡಿದ್ದೇನೆ. ಆದರೆ ಸಂಜೆ ಎಲ್ಲರೂ ಚಹಾ ಕುಡಿಯುವಾಗ, "ಶಮೀಮ್, ಮುಂದಿನ ಸಲ ಕೊತ್ತಂಬರಿ ಸೊಪ್ಪು ಉದುರಿಸೋದು ಬೇಡ ಅನ್ನಿ ನಿಮ್ಮಣ್ಣಂಗೆ" ಎಂದರು. ಎಲ್ಲ ನಕ್ಕರು. ರೇಖಾ ನಗಲಿಲ್ಲ. ನಾನು ಚಹಾದ ಲೋಟ ಕೆಳಗಿಟ್ಟು ಎದ್ದೆ. ಹೊಸಬರೇ, ಮೇಲಿನವರ ಬೈಗುಳ ಮರೆತುಹೋಗುತ್ತದೆ, ಅವರ ತಮಾಷೆ ಮರೆಯುವುದಿಲ್ಲ.

ಭಾನುವಾರ ಮಧ್ಯಾಹ್ನ ಓಲ್ಡ್ ಟೌನಿಗೆ ಹೋದೆ. ವ್ಯಾಪಾರ ಮುಗಿದಿತ್ತು. ಭಾಯಿ ಮಾಂಸ ಕಡಿಯುವ ಮರದ ದಿಮ್ಮಿಗೆ ಉಪ್ಪು ಹಾಕಿ ಉಜ್ಜುತ್ತಿದ್ದ. ಕೇಳಿದೆ.

"ಬಿಸಿಲು ಶುರು ಆಯ್ತಲ್ಲ" ಎಂದ ಅವನು. "ಬಸ್ಸಲ್ಲಿ ಕೆಡಬಾರ್ದು ಅಂತ ಅರಿಶಿನ ಸವರಿ, ನಲ್ಲೀಲಿ ತೊಳೆದು ತಂದೆ. ಯಾಕೆ, ಏನಾಯ್ತು?"

ಹೇಳಿದೆ. ಅವನ ಕೈ ದಿಮ್ಮಿಯ ಮೇಲೆ ನಿಂತುಹೋಯಿತು.

"ಹಂಗಾದ್ರೆ ಆ ಬೆಳಕು ಸುಳ್ಳಾ?"

"ಸುಳ್ಳು ಭಾಯಿ."

"ನನ್ನಿಂದ ಎಷ್ಟು ದಿನ ಹಾಳಾಯ್ತು?"

"ದಿನ ಹಾಳಾಗಿದ್ದು ಲ್ಯಾಬಿಂದು. ನಗ್ಮಾಂದಲ್ಲ. ಕೇಳು, ಇದು ದವಾ ಅಲ್ಲ. ಹಾಕೋ ಕ್ಯಾಡ್ಮಿಯಂ ವಿಷ. ಕಬ್ಬಿಣ ತೆಗಿಯೋ ಆಮ್ಲ ಮನುಷ್ಯರ ಮೈಗೆ ಹೋದ್ರೆ ಪ್ರಾಣ ಹೋಗುತ್ತೆ. ನಾವು ತೆಗಿಯೋದು ಸತ್ತ ಕುರೀದು, ಚೀಲದೊಳಗೆ."

"ಆದ್ರೆ ತೆಗಿಯೋಕೆ ಬಂತು ತಾನೆ?" ಎಂದ. "ಒಂದು ಕಡೆ ಬಂದಿದ್ದು ಇನ್ನೊಂದು ಕಡೇನೂ ಬರುತ್ತೆ. ಯಾರೋ ಕಲೀತಾರೆ."

ಒಳಗಿನಿಂದ ನಗ್ಮಾ ಎಲ್ಲ ಕೇಳಿಸಿಕೊಂಡಿದ್ದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ನಕ್ಕಳು. "ನಮ್ಮ ಅಬ್ಬಾ ತಿಲ್ಲಿಗೆ ಹಲ್ದಿ ಶಾಸ್ತ್ರ ಮಾಡಿ ಕಳಿಸಿದಾರೆ ಫುಪ್ಪು. ನಿಕಾ ಯಾವಾಗ?" ಭಾಯಿಯೂ ನಗಲು ನೋಡಿದ, ಆಗಲಿಲ್ಲ. ನಮ್ಮಲ್ಲಿ ಮದುಮಗಳಿಗೆ ಹಚ್ಚುವ ಹಲ್ದಿ ಅದು. ಅವಳ ಮಟ್ಟಿಗೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಆಮೇಲೆ ಅವನು ಎಂದೂ ಅರಿಶಿನ ಸೋಕಿಸಲಿಲ್ಲ. ಥರ್ಮಾಕೋಲ್ ಪೆಟ್ಟಿಗೆ ಕೊಂಡು, ಐಸ್ ಕ್ಯಾಂಡಿಯವನ ಹತ್ತಿರ ಮಂಜುಗಡ್ಡೆ ತುಂಬಿಸಿಕೊಂಡು ಬರುತ್ತಿದ್ದ. ಕೊಡುವಾಗೆಲ್ಲ "ಅರಿಶಿನ ಹಾಕಿಲ್ಲ" ಎನ್ನುತ್ತಿದ್ದ. ನಾನು ಗೊತ್ತು ಎಂದರೂ ಹೇಳುತ್ತಿದ್ದ. ನಾವೂ ಪ್ರತಿಯೊಂದು ಕಂತಿನ ಜೊತೆ ಲೋಹ ಹಾಕದ ಟ್ಯೂಬೊಂದನ್ನು ಮೊದಲು ದೀಪಕ್ಕೆ ಹಿಡಿಯುವ ಪದ್ಧತಿ ಮಾಡಿಕೊಂಡೆವು. ಈ ಬರಹದಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಇದೊಂದೇ ಇರಬಹುದು. ನಿಮಗೆ ಬೇಕಾದ ಬೆಳಕು ಕಂಡ ದಿನವೇ, ಅದು ಇರಬಾರದ ಕಡೆಯೂ ಇದೆಯೇ ನೋಡಿ.

ನಿಜವಾದ ಬೆಳಕು ಬಂತು, ತಡವಾಗಿ. ಮೊದಲ ಟ್ಯೂಬಿನಷ್ಟು ಚೆಂದವೂ ಇರಲಿಲ್ಲ, ಮಂಕು ಹಳದಿ. ಪಕ್ಕದ ಖಾಲಿ ಟ್ಯೂಬು ಕಪ್ಪಗಿತ್ತು. ಆ ಕಪ್ಪನ್ನು ನೋಡಿ ರೇಖಾ ನನ್ನ ಕೈ ಹಿಡಿದುಕೊಂಡಳು. ನಾನು ಭಾಯಿಗೆ ಫೋನು ಮಾಡಿದೆ. ಅವನು ಆಗ ನಗ್ಮಾಳ ಜೊತೆ ದೂರದ ದೊಡ್ಡ ಆಸ್ಪತ್ರೆಯಲ್ಲಿದ್ದ. ಅವಳ ತಿಲ್ಲಿ ಊದಿ ಹೊಟ್ಟೆಯನ್ನೆಲ್ಲ ತುಂಬಿಕೊಂಡಿತ್ತು. ತೆಗೆಯಲೇಬೇಕು ಎಂದಿದ್ದರು. ಆಪರೇಷನ್ ಆದ ಮೇಲೆ ಅವನು ಡಾಕ್ಟರನ್ನು ಕೇಳಿದ್ದು ಒಂದೇ ಮಾತು, ಅದೆಷ್ಟು ದೊಡ್ಡದಿತ್ತು ಎಂದು. ಅವರು ಎರಡೂ ಕೈ ಅಗಲಿಸಿ ತೋರಿಸಿದರಂತೆ. ಊರಿಗೆ ಬಂದು ನನಗೆ ಹೇಳುವಾಗ ಅವನೂ ಕೈ ಅಗಲಿಸಿದ. ದಿನಕ್ಕಿಷ್ಟು ಎಂದು ತಿಲ್ಲಿ ತೆಗೆಯುತ್ತಿದ್ದ ಕೈ ಅದು, ಅಷ್ಟಗಲಕ್ಕೆ ಹಾಗೇ ನಿಂತಿತ್ತು.

ಲ್ಯಾಬಿನಲ್ಲಿ ಕಾಲ ಬದಲಾಯಿತು. ಫೆರಿಟಿನ್‌ನ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದಲೇ ಪ್ರೋಟೀನು ಮಾಡಿಸುವ ವಿಧಾನ ಬಂತು. ಮೊದಲೇ ಖಾಲಿ ಇರುವ ಗೋಲಿ, ಕಬ್ಬಿಣ ತೆಗೆಯುವ ಗೋಜೇ ಇಲ್ಲ. ಅಳತೆ ಅಚ್ಚುಕಟ್ಟು, ನಾತವಿಲ್ಲ. ಆಮೇಲೆ ಕ್ಯಾಡ್ಮಿಯಂ ವಿಷವೆಂದು ಅದನ್ನೂ ಬಿಟ್ಟು ಬೇರೆ ಲೋಹಗಳಿಗೆ ಹೋದರು. ಒಳ್ಳೆಯದೇ ಆಯಿತು. ನನ್ನ ಮಿಕ್ಸಿಯನ್ನು ಸ್ಟೋರಿಗೆ ಹಾಕಿದರು. ರೇಖಾ ಡಾಕ್ಟರ್ ರೇಖಾ ಆಗಿ ಭದ್ರಾವತಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ನಮ್ಮ ಪ್ರಬಂಧವನ್ನು ಈಗ ಯಾರೂ ಓದುವುದಿಲ್ಲ ಎಂದು ಅವಳೇ ಹೇಳಿದಳು.

ನಗ್ಮಾ ಪಿಯುಸಿ ಮುಗಿಸಿದ ವರ್ಷ ಹೋದಳು. ತಿಲ್ಲಿ ತೆಗೆದರೂ ಕಬ್ಬಿಣ ಹೃದಯ ಬಿಟ್ಟಿರಲಿಲ್ಲ. ಹೆಣ್ಣುಮಕ್ಕಳು ಅವಳನ್ನು ಮೀಯಿಸುವಾಗ ನಾನೂ ನೀರು ಹಾಕಿದೆ. ಮೈ ಬಣ್ಣ ಕಬ್ಬಿಣದಿಂದ ಕಂದುಗಟ್ಟಿತ್ತು. ನನ್ನ ಚೀಲದೊಳಗಿನ ಕಂದು. ಅದನ್ನು ತಿಳಿಯಾಗಿಸುವುದೇ ಆಯುಷ್ಯವಿಡೀ ಮಾಡಿದ ಕೆಲಸವಾಗಿದ್ದ ನನಗೆ, ಆಗ ಏನೂ ಮಾಡಲು ಬರಲಿಲ್ಲ. ಆ ದುಃಖ ಕಡಿಮೆಯಾಗಿಲ್ಲ. ಆಗುತ್ತದೆ ಎಂದು ಹೇಳಿದವರ ಮಾತು ನಾನು ನಂಬುವುದಿಲ್ಲ.

ಬಕ್ರೀದಿಗೆ ಕುರ್ಬಾನಿಯ ಮಾಂಸದಲ್ಲಿ ಒಂದು ಪಾಲು ನೆಂಟರಿಗೆ ಹಂಚಬೇಕು. ಭಾಯಿ ನನ್ನ ಪಾಲನ್ನು ತಾನೇ ತರುತ್ತಾನೆ. ಈಗ ಅಂಗಡಿ ಬೇರೆಯವರದು, ಮಂಡಿ ನೋವು, ಆದರೂ ಬಸ್ಸಿನಲ್ಲೇ ಬರುತ್ತಾನೆ. ಮಾಂಸದ ಜೊತೆ ಬೇರೆ ಪೆಟ್ಟಿಗೆಯಲ್ಲಿ, ಮಂಜುಗಡ್ಡೆಯ ಮೇಲೆ, ತಿಲ್ಲಿ. "ಅರಿಶಿನ ಹಾಕಿಲ್ಲ" ಎನ್ನುತ್ತಾನೆ. ಲ್ಯಾಬಿಗೆ ತಿಲ್ಲಿ ಬೇಡವಾಗಿ ಎಷ್ಟೋ ವರ್ಷವಾಯಿತು, ನಾನು ನಿವೃತ್ತಳಾದೆ, ಅವನಿಗೂ ಗೊತ್ತು. ನಾನು ಇಸಿದುಕೊಂಡು ಫ್ರಿಜ್ಜಿನಲ್ಲಿಟ್ಟು, ಅವನು ಹೋದ ಮೇಲೆ ಯಾರಿಗಾದರೂ ಕೊಟ್ಟುಬಿಡುತ್ತಿದ್ದೆ. ನಗ್ಮಾ ಹೋದಾಗಿನಿಂದ ನಮ್ಮಿಬ್ಬರ ಮನೆಯಲ್ಲೂ ತಿಲ್ಲಿ ಬೇಯಿಸಿಲ್ಲ.

ಈ ಸಲದ ಬಕ್ರೀದಿಗೆ ಅವನು ಅಡುಗೆಮನೆಯ ತನಕ ಬಂದು ಕುರ್ಚಿಯಲ್ಲಿ ಕೂತ. ನಾನು ಪೆಟ್ಟಿಗೆ ತೆರೆದೆ.

"ಅವರಿಗೆ ಇನ್ನು ಯಾವತ್ತೂ ಬೇಡ್ವಾ ಶಮ್ಮಿ?"

"ಬೇಡ ಭಾಯಿ."

"ಬೇರೆ ಯಾರಾದ್ರೂ? ಕಬ್ಬಿಣದ್ದು ನೋಡೋರು?"

"ಅವರು ನೋಡ್ತಿದಾರೆ. ಅವರಿಗೆ ಕುರೀದು ಬೇಡ."

ಅವನು ಎದ್ದು, ತಿಲ್ಲಿಯನ್ನು ತಟ್ಟೆಗೆ ಹಾಕಿಕೊಂಡು, ಒಗ್ಗರಣೆ ಡಬ್ಬಿ ಎಳೆದು ಮುಚ್ಚಳ ತೆಗೆದ. ಹೆಬ್ಬೆರಳು ತೋರುಬೆರಳಲ್ಲಿ ಅರಿಶಿನ ಹಿಡಿದ. ಸವರಲಿಲ್ಲ. ಆ ಎರಡು ಬೆರಳನ್ನು ನನ್ನ ಮುಖದ ಹತ್ತಿರ ತಂದು ಹಿಡಿದ, ನಾನು ಅಳೆದು ನೋಡಲಿ ಎನ್ನುವ ಹಾಗೆ.

"ಇಷ್ಟೇ ಹಾಕಿದ್ದೆ ಶಮ್ಮಿ ಅವತ್ತು" ಎಂದ. "ಇಷ್ಟೇ."